ಗೋಡೆಯೊಳಗಿನ ಸೇತುವೆ

ನಮ್ಮೂರಲ್ಲಿ ಮಧ್ಯಾಹ್ನ ಊಟವಾದ ಮೇಲೆ ಜನ ಗೋಡೆಗೆ ಒರಗುತ್ತಾರೆ. ಬೇರೆ ಊರುಗಳಲ್ಲೂ ಒರಗುತ್ತಾರಂತೆ. ಆದರೆ ಅಲ್ಲಿ ಒರಗಿದರೆ ಬರೀ ನಿದ್ದೆ ಬರುತ್ತದಂತೆ, ಪಾಪ.

ನಮ್ಮದು ಹಳೆಯ ಸಂತೆಬಯಲಿನ ಉದ್ದಕ್ಕೂ ಇರುವ ಗೋಡೆ. ಯಾರೋ ಯಾವ ಕಾಲದಲ್ಲೋ ಅದರ ಮೇಲೆ ಒಂದು ಊರನ್ನು ಬರೆದಿಟ್ಟು ಹೋಗಿದ್ದಾರೆ. ನಡುವೆ ನದಿ. ಈಚೆ ದಂಡೆಯಲ್ಲಿ ಮನೆಗಳು, ಹುಣಸೆಮರ, ಒಂದಷ್ಟು ಹೊಲ, ಹುಲ್ಲು. ಆಚೆ ದಂಡೆಯಲ್ಲಿ ಮಾತ್ರ ಏನೂ ಇಲ್ಲ, ಬರೀ ಸುಣ್ಣ. ಬರೆಯುವವನಿಗೆ ಬಣ್ಣ ಸಾಲಲಿಲ್ಲವೋ, ಊಟದ ಹೊತ್ತಾಯಿತೋ ಗೊತ್ತಿಲ್ಲ. ಬೆನ್ನು ಮತ್ತು ತಲೆ ಗೋಡೆಗೆ ತಾಗುವಂತೆ ಕಾಲು ಚಾಚಿ ಕೂತರೆ ಸಾಕು. ಮೈ ಇಲ್ಲೇ ನೆರಳಿನಲ್ಲಿ ಕೂತಿರುತ್ತದೆ, ಮನುಷ್ಯ ಚಿತ್ರದೊಳಗೆ ಓಡಾಡುತ್ತಿರುತ್ತಾನೆ. ಮೊದಲ ಸಲ ಒರಗುವ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿರುತ್ತದೋ ಅದೇ ರೂಪ, ಆಮೇಲೆ ಅದು ಬದಲಾಗುವುದಿಲ್ಲ. ಹೊರಗೆ ನಿಂತವರಿಗೆ ಎಲ್ಲ ಕಾಣುತ್ತದೆ. ಬೆರಳುದ್ದದ ಮನುಷ್ಯರು ಚಿತ್ರದಲ್ಲಿ ಹೊಲ ಉಳುತ್ತಾರೆ, ಕುಣಿಯುತ್ತಾರೆ, ಮರ ಹತ್ತುತ್ತಾರೆ. ಹೊರಗಿನ ಕೂಗು ಮಾತ್ರ ಒಳಗೆ ಹೋಗುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಗೋಡೆಯ ಮುಂದೆ ನಿಂತು ಗಂಡನ ಹೆಸರು ಹಿಡಿಯದೆ "ಏ ಇಕಾ, ಚಾ ಆರಾಕತ್ತೈತಿ ಬರ್ರಿ" ಎಂದು ಚೀರುತ್ತಾರೆ. ಆಮೇಲೆ ಅವರೂ ಒದ್ದೆ ಬಟ್ಟೆ ತಂದು ಹಣೆಗೆ ಒತ್ತುವುದನ್ನು ಕಲಿಯುತ್ತಾರೆ. ಒದ್ದೆ ಬಟ್ಟೆ ಸೋಕಿದರೆ ಯಾರಾದರೂ ಹೊರಗೆ ಬರಲೇಬೇಕು.

ಊರಿನ ಒಂದು ಕಟ್ಟಳೆಯಿದೆ. ಒಳಗೆ ಯಾರು ಏನಾಗಿದ್ದಾರೆಂದು ಗುರುತು ಸಿಕ್ಕರೂ ಹೊರಗೆ ಬಾಯಿ ಬಿಡುವಂತಿಲ್ಲ. ತಾನಾಗಿ ಹೇಳಿಕೊಂಡರೆ ಅವರ ಇಷ್ಟ.

ನಾನು ಸಂಗವ್ವ. ಗೋಡೆಯ ಎದುರಿಗೇ ನನ್ನ ಖಾನಾವಳಿ. ರೊಟ್ಟಿ ಬಡಿಯುತ್ತ ತಲೆಯೆತ್ತಿದರೆ ಇಡೀ ಚಿತ್ರ ಕಾಣುತ್ತದೆ. ಇಷ್ಟು ವರ್ಷ ನೋಡಿದ್ದೇ ಹೊರತು ಒಂದು ದಿನವೂ ಒರಗಿದವಳಲ್ಲ. ಒಲೆ ಉರಿಯುವಾಗ ಬೆನ್ನು ಚಾಚಿ ಕೂಡುವವರು ಯಾರು? ಆದರೆ ಉಂಡೆದ್ದವರೆಲ್ಲ ಕೈ ಒರೆಸಿಕೊಳ್ಳುತ್ತ ಆ ಕಡೆಗೇ ನಡೆಯುವುದನ್ನು ನೋಡಿ, ಅಂಥದ್ದೇನಿದೆ ಅಲ್ಲಿ ಎಂದು ಕೇಳದೆ ಇರಲಾಗುತ್ತಿರಲಿಲ್ಲ.

ಮೊದಲು ನಮ್ಮ ಮನೆಯವರನ್ನೇ ಕೇಳಿದೆ. ಫಕೀರಪ್ಪ ಎಂದರೆ ಊರಿಗೆಲ್ಲ ಗೊತ್ತು, ಅವರು ಒಳಗೆ ಬಿಳಿ ಆಡು. ಅದನ್ನು ಅವರೇ ಊರ ತುಂಬ ಹೇಳಿಕೊಂಡು ತಿರುಗಿದ್ದಾರೆ. ಮೊದಲ ಸಲ ಒರಗುವ ಮುಂಚೆ ಪಕ್ಕದ ಮನೆಯ ಆಡು ಅವರ ಹೊಸ ಟೋಪಿ ತಿಂದಿತ್ತು, ಆ ಸಿಟ್ಟು ತಲೆಯಲ್ಲಿತ್ತು.

"ಅಲ್ರೀ, ಆಡಾಗಿ ದಿನಾ ಅಲ್ಲಿ ಏನ ಮಾಡ್ತೀರಿ?"

"ಮೇಯ್ತೀನಿ."

"ಮೇಯಾಕ ಅಲ್ಲೀತನಕ ಹೋಗಬೇಕೇನು? ನಾ ಹಾಕಿದ್ದು ಸಾಲಂಗಿಲ್ಲೇನು?"

"ಇಲ್ಲಿ ಉಣಬೇಕಾದ್ರ ರೊಟ್ಟಿ ಜೋಡಿ ನಿನ್ನ ಮಾತೂ ನುಂಗಬೇಕು. ಅಲ್ಲಿ ಬರೇ ಹುಲ್ಲು."

ದರ್ಜಿ ದಾವಲಸಾಬ ಬೆಳಗಿನಿಂದ ಮಷಿನ್ನಿಗೆ ಬಾಗಿ ಬಾಗಿ ಬೆನ್ನು ಕುಡುಗೋಲಿನಂತೆ ಮಾಡಿಕೊಂಡಿದ್ದಾನೆ. ಒಳಗೆ ಅವನು ನದಿಯಲ್ಲಿ ಈಜುತ್ತಾನೆ. ಅವನೂ ಗುಟ್ಟು ಮಾಡಿದವನಲ್ಲ. "ಹೊರಗ ನನ್ನ ಸೊಂಟ ಮಷಿನ್ನಿಂದು, ಅಕ್ಕಾ. ಒಳಗ ಅದು ನಂದು," ಎಂದ. ಗಣಿತದ ಕುಲಕರ್ಣಿ ಮಾಸ್ತರರಂತೂ ಅಲ್ಲಿ ಕಲ್ಲು ಹೊರುತ್ತಾರೆ! "ಸಾಲಿಯೊಳಗ ನಾ ಹೇಳಿದ್ದ ಎಲ್ಲಾರೂ ಕೇಳಬೇಕು, ಸಂಗವ್ವಾ. ಅಲ್ಲಿ ಒಬ್ಬ ಮೇಸ್ತ್ರಿ ಇದ್ದಾನ, ಮೀಸಿ ನೋಡಬೇಕು ಅವಂದು. 'ಏ, ಕಲ್ಲು ತಿರುವಿ ಇಡು, ಕಣ್ಣ ಎಲ್ಲಿಟ್ಟೀ?' ಅಂತಾನ. ಹಂಗ ಬೈಸ್ಕೊಂಡ ಮ್ಯಾಲೆ ಎಷ್ಟ ಹಗುರ ಅನಸ್ತದ ಅಂತೀ!" ಎಂದು ಮಜ್ಜಿಗೆ ಕುಡಿದು ಬೈಸಿಕೊಳ್ಳಲು ಹೊರಟೇಬಿಟ್ಟರು.

ಆ ಮೇಸ್ತ್ರಿ ಯಾರೆಂದು ನನಗೆ ಗೊತ್ತಿತ್ತು. ಮಾಸ್ತರರಿಗೆ ಗೊತ್ತಿರಲಿಲ್ಲ.

ಎಷ್ಟೋ ದಿನಗಳಿಂದ ಚಿತ್ರದ ನದಿಗೆ ಅಡ್ಡಲಾಗಿ ಒಂದು ಕಲ್ಲಿನ ಸೇತುವೆ ಏಳುತ್ತಿತ್ತು. ಈ ದಂಡೆಯಿಂದ ಒಂದು ಅರ್ಧ, ನದಿಯ ನಡುವಿನ ಬಂಡೆಯಿಂದ ಆಚೆ ದಂಡೆಯ ಅಂಚಿನವರೆಗೆ ಇನ್ನೊಂದು ಅರ್ಧ. ದಂಡೆಯ ಮೇಲೆ ನಿಂತು ಕೈ ಬೀಸಿ ಬೀಸಿ ಎಲ್ಲರಿಗೂ ಕೆಲಸ ಹೇಳುತ್ತಿದ್ದ ಆ ಗಿರಿಜಾಮೀಸೆಯ ಮೇಸ್ತ್ರಿ ಬೆವರು ಒರೆಸಿಕೊಳ್ಳುವಾಗ ಅಂಗೈ ಬಳಸುತ್ತಿರಲಿಲ್ಲ. ಮುಂಗೈ ಎತ್ತಿ ಹಣೆಗೆ ತೀಡುತ್ತಿದ್ದ. ಅಂಗೈ ತುಂಬ ಹಿಟ್ಟಾಗಿರುವವರು ಮಾತ್ರ ಹಾಗೆ ಒರೆಸುತ್ತಾರೆ. ನನ್ನ ಪಕ್ಕದಲ್ಲಿ ಕೂತು ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವ ನನ್ನ ಮಗಳು ಕಸ್ತೂರಿ ಹಾಗೆ ಒರೆಸುತ್ತಾಳೆ.

ನೋಡಿ ನಕ್ಕು ಸುಮ್ಮನಾಗಿದ್ದೆ. ಹುಡುಗಿಗೆ ಮೀಸೆ ಬೇಕೆನಿಸಿದರೆ ಇಟ್ಟುಕೊಳ್ಳಲಿ, ಹೊರಗೆ ಬರುವಾಗ ಬಿಟ್ಟು ಬರುತ್ತಾಳಲ್ಲ. ಆದರೆ ಅವಳಿಗೊಂದು ಸಂಬಂಧ ಕೂಡಿ ಬಂದಾಗ ಆ ಸೇತುವೆ ನನ್ನ ಖಾನಾವಳಿಯ ನಡುವೆಯೇ ಬಂದು ನಿಂತಿತು.

ಹುಡುಗನ ಹೆಸರು ವಿರೂಪಾಕ್ಷ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರು, ಅಲ್ಲಿ ಅವನದೊಂದು ಸೈಕಲ್ ರಿಪೇರಿ ಅಂಗಡಿ. ತಂದೆ ತಾಯಿ ಇಲ್ಲದವನನ್ನು ಬೆಳೆಸಿದವಳು ಅಜ್ಜಿ ಕಾಶವ್ವ. ಕನ್ಯಾ ನೋಡಲು ಬಂದವರು ಅವರಿಬ್ಬರೇ. ಕಾಶವ್ವಜ್ಜಿಗೆ ಮೊಣಕಾಲು ನೋವು. ಟೆಂಪೋದಿಂದ ಇಳಿದವಳು ನಮ್ಮ ಹೊಸ್ತಿಲು ದಾಟಿ ಕೂರುವಷ್ಟರಲ್ಲಿ ಆ ಟೆಂಪೋದವನನ್ನೂ, ನಮ್ಮೂರ ರಸ್ತೆಯನ್ನೂ, ಕೂರಲು ಕೊಟ್ಟ ಕುರ್ಚಿಯನ್ನೂ ಬೈದು ಮುಗಿಸಿದ್ದಳು. ಕೂತ ಮೇಲೆ ಕಸ್ತೂರಿಯ ಸರದಿ ಬಂತು.

"ಅಡಗಿ ಬರ್ತೈತೇನು?"

"ಖಾನಾವಳಿಯೊಳಗ ಕುಂತು ಕೇಳಾಕತ್ತೀರಲ್ಲಜ್ಜಿ," ಎಂದಳು ಕಸ್ತೂರಿ. "ಮೊದಲ ಉಣ್ಣರಿ, ಆಮ್ಯಾಲೆ ಕೇಳರಿ."

ಅಜ್ಜಿ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಉಂಡು, ಎರಡನೆಯ ಸಲ ಎಣ್ಣೆಗಾಯಿ ಹಾಕಿಸಿಕೊಂಡಳು. ವಿರೂಪಾಕ್ಷ ತಲೆ ತಗ್ಗಿಸಿ ಉಣ್ಣುತ್ತಿದ್ದ. ಕಸ್ತೂರಿ ರೊಟ್ಟಿ ಹಿಡಿದು ಬಂದಾಗ "ಬೇಕೋ ಬ್ಯಾಡೋ, ಒಂದ ಸಲ ಹೇಳಿಬಿಡ್ರಿ" ಎಂದಳು. ಅವನು ತಲೆಯೆತ್ತಿ "ಬೇಕು" ಎಂದ. ಹಾಗೆ ಹೇಳುವಾಗ ರೊಟ್ಟಿಯ ಕಡೆ ನೋಡಲಿಲ್ಲ. ಆಮೇಲೆ ಕೈ ತೊಳೆಯುವ ಕಟ್ಟೆಯ ಹತ್ತಿರ ಇಬ್ಬರೂ ನಿಂತು ಮಾತಾಡಿದರು. ನೀರು ಸುಮ್ಮನೆ ಹರಿಯುತ್ತಿತ್ತು, ನಲ್ಲಿ ಬಂದ್ ಮಾಡುವುದು ಇಬ್ಬರಿಗೂ ನೆನಪಿರಲಿಲ್ಲ.

ಇನ್ನೇನು ಎಲೆಅಡಿಕೆ ತರಬೇಕು ಎನ್ನುವಾಗ ಕಸ್ತೂರಿ ಒಳಗೆ ಬಂದು ಅಜ್ಜಿಯ ಎದುರಿಗೇ ನಿಂತಳು. "ಅಜ್ಜಿ, ಹುಡುಗ ನನಗ ಒಪ್ಪಿಗಿ ಅದಾನ. ಆದ್ರ ನಾ ಈಗ ನಿಮ್ಮೂರಿಗೆ ಬರಂಗಿಲ್ಲ. ಗೋಡ್ಯಾಗ ನಂದೊಂದು ಕೆಲಸ ಅರ್ಧ ಆಗೇತಿ."

"ಗೋಡ್ಯಾಗ ಏನ ಕೆಲಸ?" ಅಜ್ಜಿ ಹುಬ್ಬು ಗಂಟಿಕ್ಕಿದಳು. "ಕಿಡಕಿ ಕೊರಿಯಾಕತ್ತೀಯೇನು?"

"ಸೇತುವೆ. ಅದನ್ನ ಕಟ್ಟಾಕತ್ತ ಮಂದಿಯೊಳಗ ನಾನೂ ಒಬ್ಬಾಕಿ."

ಅಜ್ಜಿ ಎದುರಿನ ಗೋಡೆಯನ್ನು ನೋಡಿದಳು, ಅದರ ಬುಡದಲ್ಲಿ ಸಾಲಾಗಿ ಬಾಯಿ ತೆರೆದು ಕೂತವರನ್ನು ನೋಡಿದಳು, ನನ್ನ ಗಂಡನ ಗೊರಕೆ ಕೇಳಿದಳು. "ಯವ್ವಾ, ನಾ ಏನೇನೋ ಸಬೂಬು ಕೇಳೇನಿ. ಸಾಲಿ ಕಲೀಬೇಕು ಅಂದವರ ಅದಾರ, ಹುಡುಗ ಕರಿ ಅದಾನ ಅಂದವರ ಅದಾರ. ಚಿತ್ರದಾಗ ಸೇತುವೆ ಅಂದಾಕಿ ನೀನ ಮೊದಲ!" ಎಂದು ಕೋಲೂರಿ ಎದ್ದಳು. "ಬರೂ ಸ್ವಾಮಾರ ಮತ್ತ ಬರ್ತೀನಿ. ಹೂಂ ಅಂದ್ರ ಹೂಂ. ಇಲ್ಲಾಂದ್ರ ಬ್ಯಾರೆ ಕಡೆ ನೋಡ್ತೀವಿ. ಏಳೋ ವಿರೂಪಾ."

ವಿರೂಪಾಕ್ಷ ಎದ್ದ. ಹೋಗುವಾಗ ಗೋಡೆಯ ಮುಂದೆ ಒಂದಷ್ಟು ಹೊತ್ತು ನಿಂತು ಚಿತ್ರವನ್ನು ನೋಡಿದ. ಅಜ್ಜಿ ಟೆಂಪೋದೊಳಗಿನಿಂದ ಕೋಲಿನಿಂದ ತಗಡು ಬಡಿದ ಮೇಲೆ ಹೋಗಿ ಹತ್ತಿದ.

ಅವತ್ತು ಸಂಜೆ ಕಾಳು ಆರಿಸುತ್ತ ಕೂತಾಗ ನಾನು ಮಾತು ತೆಗೆದೆ. ಬೈಯಬಾರದು ಎಂದುಕೊಂಡೇ ಶುರು ಮಾಡಿದ್ದೆ.

"ಕಸ್ತೂರಿ, ಅದು ಚಿತ್ರ."

"ರಂಗೋಲಿನೂ ಚಿತ್ರ, ಅವ್ವಾ. ದಿನಾ ಹಾಕ್ತೀ, ಮಂದಿ ತುಳೀತಾರ, ಮತ್ತ ಹಾಕ್ತೀ."

"ರಂಗೋಲಿಗೆ ಅಂತ ನಾ ಯಾವ ಛಲೋ ಹುಡುಗನ್ನೂ ಬಿಟ್ಟಿಲ್ಲ."

ಅವಳು ನಕ್ಕಳು. ಆಮೇಲೆ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಸುರಿದು ನಿಧಾನವಾಗಿ ಹೇಳಿದಳು. "ಅರ್ಧ ಆದದ್ದನ್ನ ಬಿಟ್ಟು ಹ್ವಾದ್ರ ಅಲ್ಲಿ ಉಳಿಯಂಗಿಲ್ಲವ್ವಾ. ನಿನಗೂ ಗೊತ್ತೈತಿ. ಬಣ್ಣ ಹಪ್ಪಳದಂಗ ಎದ್ದು ಉದರತೈತಿ. ಇಷ್ಟು ಮಂದಿ ನಂಬಿ ಕಲ್ಲು ಹೊತ್ತಾರ. ಇನ್ನೊಂದು ಮಾತು ಹೇಳಲೇನು? ಇಲ್ಲಿ ನಾನು ನೀನು ರೊಟ್ಟಿ ಮಾಡ್ತೀವಿ, ತಿಂತಾರ, ಆತು. ಬೆಳಿಗ್ಗೆ ಎದ್ರ ಮತ್ತ ಅದ ಹಿಟ್ಟು. ಅಲ್ಲಿ ನಿನ್ನೆ ಇಟ್ಟ ಕಲ್ಲು ಇವತ್ತು ಹೋಗಿ ನೋಡಿದ್ರ ಅಲ್ಲೇ ಇರ್ತೈತಿ."

ನಾನು ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಈ ಗೋಡೆಗಿಂತ ಎತ್ತರವಾಗುತ್ತಿತ್ತು. ಒಂದೂ ಉಳಿದಿಲ್ಲ. ಅದರ ಬಗ್ಗೆ ನನಗೆ ಬೇಸರವೂ ಇಲ್ಲ, ತಿಂದವರು ಗಟ್ಟಿಯಾಗಿ ಓಡಾಡಿಕೊಂಡಿದ್ದಾರೆ. ಆದರೆ ಸ್ವಂತ ಕೈಯಿಂದ ಮಾಡಿದ್ದೊಂದು ಬೆಳಗಾದ ಮೇಲೂ ಹಾಗೇ ಇದ್ದರೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮಗಳಿಗೆ ಗೊತ್ತಿತ್ತು.

ನಾನು ಲೆಕ್ಕ ಹಾಕಿದೆ. ಒಳಗೆ ಅರ್ಧವಾದದ್ದು ಉದುರುತ್ತದೆ, ನಿಜ. ಪೂರ್ತಿಯಾದದ್ದು ಉದುರುವುದಿಲ್ಲ, ಅದೂ ನಿಜ. ಮುಂಚೆ ಯಾರೋ ಕಟ್ಟಿ ಮುಗಿಸಿದ ಹುಣಸೆಮರದ ಕಟ್ಟೆ ಇವತ್ತಿಗೂ ಒಂದು ಚೂರೂ ಕಿತ್ತುಬಂದಿಲ್ಲ. ಹಾಗಾದರೆ ಸೋಮವಾರ ಅಜ್ಜಿ ಬರುವ ಮುಂಚೆ ಸೇತುವೆ ಮುಗಿದರೆ ಸರಿಹೋಯಿತು. ಮಗಳ ಮನಸ್ಸು ನಿರಾಳವಾಗುತ್ತದೆ, ಹೂಂ ಅನ್ನುತ್ತಾಳೆ. ಮದುವೆ ಅಡುಗೆಗೆ ಎಷ್ಟು ಬೇಳೆ ಬೇಕಾಗುತ್ತದೆಂದೂ ಅಂದಾಜು ಮಾಡಿಬಿಟ್ಟೆ. ನನ್ನ ಅಂದಾಜು ಎಲ್ಲಿ ತಪ್ಪಿತೆಂಬುದು ಆಮೇಲೆ ಗೊತ್ತಾಯಿತು.

ಸೋಮವಾರ ಮಧ್ಯಾಹ್ನ ಊಟಕ್ಕೆ ಬಂದವರಿಗೆ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಕಸ್ತೂರಿ ಬೆಳಗಿನ ರೊಟ್ಟಿ ಮುಗಿಸಿ ಆಗಲೇ ಹೋಗಿ ಒರಗಿದ್ದಳು, ಅವಳಿಗೆ ನನ್ನ ಈ ಲೆಕ್ಕಾಚಾರ ಗೊತ್ತಿರಲಿಲ್ಲ. ನಾನು ಸೌಟು ಹಿಡಿದು ಮೆಟ್ಟಿಲ ಮೇಲೆ ನಿಂತೆ.

"ಕೇಳರಿ ಎಲ್ಲಾರೂ. ಇವತ್ತು ಊಟ ಕೆಲಸ ಆದಮ್ಯಾಲೆ. ಗೋಡ್ಯಾಗಿನ ಆ ಸೇತುವೆ ಇವತ್ತ ಮುಗೀಬೇಕು. ಈಜಾವರು, ಕುಣಿಯಾವರು, ಹೊಲ ಉಳಾವರು, ಎಲ್ಲಾರೂ ಬಂದು ಕಲ್ಲು ಹೊರಬೇಕು. ಯಾಕ ಅಂತ ಕೇಳಬ್ಯಾಡ್ರಿ. ಹೋಳಿಗಿ ಅದಾವು."

"ಇದು ಯಾವ ನ್ಯಾಯ, ಸಂಗವ್ವಾ? ಹಸದ ಹೊಟ್ಟಿಲೆ ಕಲ್ಲು ಹೊರೋದಂದ್ರ!" ಎಂದರು ಮಾಸ್ತರರು.

"ಒಳಗ ಹೋದವರಿಗೆ ಹೊಟ್ಟಿ ಎಲ್ಲಿರ್ತೈತ್ರಿ ಮಾಸ್ತರ? ಹೊಟ್ಟಿ ಇಲ್ಲೇ ನೆರಳಾಗ ಕುಂತಿರತೈತಿ."

ದಾವಲಸಾಬ ನಕ್ಕು ಟೇಪು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡ. "ತುಪ್ಪ ಐತೇನಕ್ಕಾ?" ಎಂದು ಅಷ್ಟೇ ಕೇಳಿದ. ನಮ್ಮ ಮನೆಯವರು ಮೆಲ್ಲಗೆ ಹಿತ್ತಲ ಕಡೆ ಜಾರುತ್ತಿದ್ದರು.

"ನೀವೂ ನಡೀರಿ."

"ನಾ ಆಡಲ್ಲೇನ! ಆಡು ಏನ ಕಲ್ಲು ಹೊರತೈತಿ?"

"ಕೊಂಬು ಅದಾವಲ್ಲ? ದೂಡ್ರಿ."

ಅವರೆಲ್ಲ ಸಾಲಾಗಿ ಕೂತು ಒರಗಿದರು. ಕೆಳಗೆ ಕತ್ತುಗಳು ಸಡಿಲವಾದವು, ಮೇಲೆ ಚಿತ್ರದಲ್ಲಿ ದಂಡೆ ತುಂಬ ಜನ ಹುಟ್ಟಿಕೊಂಡರು. ಮೇಸ್ತ್ರಿ ಒಂದು ಗಳಿಗೆ ಕೈ ಕೆಳಗಿಟ್ಟು ಗಾಬರಿಯಿಂದ ನಿಂತ, ಆಮೇಲೆ ಎರಡೂ ಕೈ ಬೀಸತೊಡಗಿದ. ಆದರೂ ನೋಡುತ್ತ ನಿಂತ ನನಗೆ ಸಮಾಧಾನವಾಗಲಿಲ್ಲ. ಕಲ್ಲು ಬಹಳ, ಜನ ಬೆರಳುದ್ದ. ಒಲೆಯ ಉರಿ ತೆಗೆದೆ, ಹೋಳಿಗೆಯ ಬುಟ್ಟಿ ಮುಚ್ಚಿದೆ, ಬಾಗಿಲು ಹಾಕಿದೆ, ಸೀರೆಯ ನಿರಿಗೆ ಸರಿ ಮಾಡಿಕೊಂಡು ನನ್ನ ಗಂಡನ ಪಕ್ಕ ಹೋಗಿ ಕೂತೆ. ಅಷ್ಟು ದೊಡ್ಡ ದೊಡ್ಡ ಕಲ್ಲು ಹ್ಯಾಂಗ ಎತ್ತಬೇಕಪ್ಪಾ ದೇವರ, ಎಂದುಕೊಳ್ಳುತ್ತಲೇ ತಲೆ ಗೋಡೆಗೆ ತಾಗಿಸಿದೆ.

ಕಣ್ಣು ಬಿಟ್ಟಾಗ ನಾನು ಆನೆಯಾಗಿದ್ದೆ.

ಒಲೆಗೂ ಗಲ್ಲಾಪೆಟ್ಟಿಗೆಗೂ ನಡುವೆ ಒಂದು ಮೊಳ ಜಾಗ. ಮದುವೆಯಾಗಿ ಬಂದಾಗಿನಿಂದ ಅದರಲ್ಲಿ ಅಡ್ಡಡ್ಡ ನಡೆದವಳು ನಾನು. ಈಗ ತಿರುಗಿ ನಿಲ್ಲಬೇಕಾದರೆ ಒಂದು ಹೊಲವೇ ಬೇಕಾಯಿತು. ಕಿವಿ ಬೀಸಿದೆ, ಗಾಳಿ ಬಂತು. ಕಾಲಿಟ್ಟೆ, ನೆಲ ಹೂಂ ಅಂದಿತು. ನದಿಯ ಸದ್ದು ಎಷ್ಟು ಹತ್ತಿರವಿತ್ತೆಂದರೆ, ಇಷ್ಟು ವರ್ಷ ಎದುರಿಗೇ ಇದ್ದೂ ಅದಕ್ಕೊಂದು ಸದ್ದಿದೆಯೆಂದು ನನಗೆ ಹೊಳೆದೇ ಇರಲಿಲ್ಲ. ಏನೋ ಹೇಳಲು ಹೋದೆ, ಮಾತು ಬರಲಿಲ್ಲ. ಆನೆಗೆ ಮಾತೆಲ್ಲಿಂದ ಬರಬೇಕು? ಹೇಳಲಾಗುವುದಿಲ್ಲ ಎಂದು ಗೊತ್ತಾದ ಕೂಡಲೇ ಹೇಳಬೇಕಾದದ್ದೂ ಏನೂ ಇಲ್ಲವೆನಿಸಿ ಜೀವ ತಂಪಾಯಿತು. ಕಾಲ ಬಳಿ ಬಿಳಿ ಆಡೊಂದು ಕೆಲಸ ತಪ್ಪಿಸಿಕೊಂಡು ಹುಲ್ಲು ಕಚ್ಚುತ್ತಿತ್ತು. ಸೊಂಡಿಲಿನಿಂದ ಅದರ ಬೆನ್ನಿಗೆ ಹಗುರಾಗಿ ಒಂದು ಕೊಟ್ಟೆ. ಅದು ಮೇಲೆ ನೋಡಿ, ಬಾಯಲ್ಲಿದ್ದ ಹುಲ್ಲನ್ನೂ ಬಿಟ್ಟು ಕಲ್ಲು ದೂಡಲು ಓಡಿತು.

"ಆನಿ! ಆನಿ ಬಂತು!" ಎಂದು ದಂಡೆಯವರೆಲ್ಲ ಕೂಗಿದರು. ಮೇಸ್ತ್ರಿ ನನ್ನ ಮುಂದೆ ಬಂದು ನಿಂತ. ಆ ಮೀಸೆಯ ಹಿಂದೆ ನನ್ನ ಮಗಳು ಕತ್ತೆತ್ತಿ ನನ್ನನ್ನು ನೋಡುತ್ತಿದ್ದಳು, ಗುರುತು ಹತ್ತಲಿಲ್ಲ.

"ಯಾರಾದ್ರೂ ಆಗಲಿ, ಛಲೋ ಹೊತ್ತಿನಾಗ ಬಂದಿ," ಎಂದಳು. "ಆ ಚಪ್ಪಡಿ ಎತ್ತು. ಹಂಗಲ್ಲ! ನಡುವಿಗೆ ಹಿಡಿ. ಹಾಂ, ಭೇಷ್!"

ಮಗಳು ನನಗೆ ಕೆಲಸ ಹೇಳಿದ್ದು ಅದೇ ಮೊದಲು. ಖರೆ ಹೇಳುತ್ತೇನೆ, ಬಹಳ ಸೊಗಸಾಗಿತ್ತು. ಖಾನಾವಳಿಯಲ್ಲಿ ಊಟ ಚೆನ್ನಾಗಿದ್ದರೆ ಯಾರೂ ಏನೂ ಹೇಳುವುದಿಲ್ಲ, ಉಪ್ಪು ಕಡಿಮೆಯಾದ ದಿನ ಮಾತ್ರ ಸಂಗವ್ವನ ನೆನಪಾಗುತ್ತದೆ. ಇಲ್ಲಿ ಒಂದೊಂದು ಕಲ್ಲು ಕೂಡಿಸಿದಾಗಲೂ ಭೇಷ್ ಅನ್ನುತ್ತಿದ್ದರು. ಯಾರೂ ಅಕ್ಕಾ ಎಂದು ಕರೆಯಲಿಲ್ಲ, ಸಾರು ಕೇಳಲಿಲ್ಲ. ದಾವಲಸಾಬ ಮೀನಿನಂತೆ ನೀರಿನಲ್ಲಿ ನುಗ್ಗಿ ಹಗ್ಗ ಕೊಂಡೊಯ್ಯುತ್ತಿದ್ದ. ಅಲ್ಲೊಬ್ಬ ಕಡ್ಡಿಯಂಥ ಹುಡುಗ ಮೇಸ್ತ್ರಿಯಿಂದ ಬೈಸಿಕೊಂಡಾಗಲೆಲ್ಲ ಹಲ್ಲು ಬಿಡುತ್ತಿದ್ದ. ಅವರೇ ನಮ್ಮ ಮಾಸ್ತರರಿರಬೇಕು ಎಂದುಕೊಂಡೆ.

ಕೊನೆಗೆ ನದಿಯ ನಡುವೆ ಒಂದೇ ಒಂದು ಚಪ್ಪಡಿಯಷ್ಟು ಜಾಗ ಉಳಿಯಿತು. ನಾನು ಆ ಚಪ್ಪಡಿಯನ್ನು ಎತ್ತಿ ತಂದು ಇಡಲು ಹೋದರೆ ಅದು ಕೂರಲಿಲ್ಲ. ಈ ತುದಿ ಕೂತರೆ ಆ ತುದಿ ಏಳುತ್ತದೆ. ತಿರುಗಿಸಿದರೂ ಅಷ್ಟೇ. "ನೆಟ್ಟಗ ಐತಲ್ಲ!" ಎಂದು ಈ ಅರ್ಧದವರು, "ನಮ್ಮದೂ ನೆಟ್ಟಗ ಐತಿ!" ಎಂದು ಆ ಅರ್ಧದವರು. ಮೇಸ್ತ್ರಿ ಮಲಗಿ ನೋಡಿದಳು, ಎದ್ದು ನೋಡಿದಳು, ಮೀಸೆ ಕಚ್ಚಿಕೊಂಡಳು. ಹಾಗೆ ನೋಡುತ್ತಿದ್ದವಳು ಒಮ್ಮೆಲೇ ಇಲ್ಲವಾದಳು.

"ಮೇಸ್ತ್ರಿ ಎಲ್ಲಿ ಹ್ವಾದ?" ಎಂದು ಯಾರೋ ಮೆಲ್ಲಗೆ ಕೇಳಿದರು. ನನಗೆ ಗೊತ್ತಾಗಿ ಹೋಯಿತು, ಯಾರೋ ಹೊರಗೆ ಒದ್ದೆ ಬಟ್ಟೆ ಒತ್ತಿದ್ದಾರೆ. ಬೀಗರು ಬಂದಿದ್ದಾರೆ. ಅಲ್ಲಿ ಅಜ್ಜಿ ಹೂಂ ಅಥವಾ ಇಲ್ಲ ಕೇಳುತ್ತಿರುತ್ತಾಳೆ, ಇಲ್ಲಿ ಸೇತುವೆ ಒಂದು ಕಲ್ಲಿಗೆ ನಿಂತಿದೆ, ನಾನು ಚಪ್ಪಡಿ ಹಿಡಿದುಕೊಂಡು ಆನೆಯಾಗಿ ನಿಂತಿದ್ದೇನೆ. ಹೊರಗೆ ಹೋಗಿ ಬೀಗರನ್ನು ಮಾತಾಡಿಸೋಣವೆಂದರೆ ಚಪ್ಪಡಿ ನೀರಿಗೆ ಬೀಳುತ್ತದೆ.

ಹೊರಗೆ ನಡೆದದ್ದನ್ನು ಕಸ್ತೂರಿ ಆಮೇಲೆ ಹೇಳಿದಳು. ವಿರೂಪಾಕ್ಷ ಬಂದು ನೋಡಿದರೆ ಖಾನಾವಳಿಯ ಬಾಗಿಲು ಹಾಕಿದೆ, ಊರಿಗೆ ಊರೇ ಗೋಡೆಗೆ ಒರಗಿದೆ. ಅಜ್ಜಿಗೆ ನಿಲ್ಲಲಾಗದು. "ನೀ ಯಾರನ್ನರ ಹುಡುಕು, ನಾ ಇಲ್ಲೇ ನೆರಳಾಗ ಕುಂದರತೀನಿ. ಅಯ್ಯ ನನ್ನ ಮೊಣಕಾಲ," ಎಂದು ಅವಳು ಮಾಸ್ತರರ ಪಕ್ಕದ ಖಾಲಿ ಜಾಗದಲ್ಲಿ ಕೂತು, ಗೋಡೆಗೆ ತಲೆ ಒರಗಿಸಿ ಕಾಲು ಚಾಚಿದಳಂತೆ. ವಿರೂಪಾಕ್ಷ ಯಾರನ್ನೂ ಹುಡುಕಲಿಲ್ಲ. ಚಿತ್ರದ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ಸೈಕಲ್ ಚಕ್ರ ಸೊಟ್ಟಗಿದೆಯೇ ಎಂದು ನೋಡುವಂತೆ ಸೇತುವೆಯನ್ನು ನೋಡಿದ. ಆಮೇಲೆ ಕರವಸ್ತ್ರ ನೆನೆಸಿಕೊಂಡು ಕಸ್ತೂರಿಯ ಹತ್ತಿರ ಬಂದ. ಅವಳು ಕಣ್ಣು ಬಿಟ್ಟು ಸಿಟ್ಟಿನಿಂದ "ಈಗ ಎಬ್ಬಸಬೇಕೇನ್ರಿ?" ಎಂದಳಂತೆ.

"ಒಂದ ಮಾತು ಹೇಳಿ ಹೋಗ್ತೀನಿ. ಆಚಿ ಅರ್ಧ ಎಡಕ್ಕ ವಾಲೇತಿ. ಒಳಗ ನಿಂತವರಿಗೆ ಕಾಣಂಗಿಲ್ಲ, ಇಲ್ಲಿಂದ ಕಾಣತೈತಿ. ಬಂಡೆ ಮ್ಯಾಲಿನ ಎರಡು ಕಲ್ಲು ಸರಿಸಿದ್ರ ಕೂಡತೈತಿ."

ಕಸ್ತೂರಿ ಎದ್ದು ಬಂದು ಅವನ ಪಕ್ಕ ನಿಂತು ನೋಡಿದಳು. ವಾಲಿತ್ತು. ಆಮೇಲೆ ಅವಳಿಗೆ ಹೊಳೆಯಿತು. "ಇದನ್ನ ನನಗ ಯಾಕ ಹೇಳಿದ್ರಿ? ಇಷ್ಟು ಮಂದಿ ಕುಂತಾರ."

"ಕೆಲಸ ನಿಮ್ಮದಲ್ಲೇನ್ರಿ?" ಎಂದ ವಿರೂಪಾಕ್ಷ. "ಆ ಮೇಸ್ತ್ರಿ ಯಾರಿಗೂ ಎರಡು ಸಲ ಕೈ ತೋರಿಸಿ ಹೇಳಂಗಿಲ್ಲ. ನೀವೂ ನನಗ ರೊಟ್ಟಿ ಬೇಕೇನಂತ ಎರಡು ಸಲ ಕೇಳಲಿಲ್ಲ. ಮೀಸಿ ನೋಡಿ ಒಂದ ಗಳಿಗಿ ಅನುಮಾನ ಬಂತು, ಅಷ್ಟ."

ಕಸ್ತೂರಿ ಹೋಗಿ ಮತ್ತೆ ಒರಗಿದಳು. ಒಳಗೆ ನಮ್ಮ ಮುಂದೆ ಮೇಸ್ತ್ರಿ ಇದ್ದಕ್ಕಿದ್ದಂತೆ ಮೂಡಿದಾಗ ಮುಖ ಕೆಂಪಗಿತ್ತು. ಮೀಸೆಯವರೂ ನಾಚುತ್ತಾರೆಂದು ನನಗೆ ಆಗಲೇ ಗೊತ್ತಾದದ್ದು.

"ಬಂಡೆ ಮ್ಯಾಲಿನ ಎರಡು ಕಲ್ಲು ಕೀಳರಿ! ಸೊಟ್ಟ ಆಗೇತಿ. ಬಲಕ್ಕ, ಬಲಕ್ಕ! ಆನಿ, ನೀ ಹಂಗ ಹಿಡಕೊಂಡಿರು."

ಹಿಡಿದುಕೊಂಡೇ ಇದ್ದೆ. ಆ ಹೊತ್ತಿಗೇ ಹುಣಸೆಮರದ ಕಡೆಯಿಂದ ಒಂದು ಕೆಂದ ಬಣ್ಣದ ಕುದುರೆಮರಿ ಬಂತು. ಮೊದಲು ಒಂದು ಕಾಲು ಮಡಚಿ ನೋಡಿಕೊಂಡಿತು, ಚಾಚಿ ನೋಡಿಕೊಂಡಿತು. ಇನ್ನೊಂದನ್ನು ಎತ್ತಿ ಝಾಡಿಸಿತು. ಆಮೇಲೆ ಅದು ಓಡಿದ ಓಟವನ್ನು ಏನು ಹೇಳಲಿ! ಹೊಲದ ಸುತ್ತ, ಮನೆಗಳ ಸುತ್ತ, ಆಡಿನ ಮೇಲಿನಿಂದ ಒಂದು ಜಿಗಿತ, ನನ್ನ ನಾಲ್ಕು ಕಾಲುಗಳ ನಡುವಿನಿಂದ ಒಂದು ಸುತ್ತು. ಕೆಲಸದವರೆಲ್ಲ ಅಡ್ಡಾದಿಡ್ಡಿ ಸರಿದು ನಿಂತರು. "ಯಾರದಿದು ಮರಿ? ಕಟ್ಟಿಹಾಕರಿ!" ಎಂದು ಮೇಸ್ತ್ರಿ ಗದರಿದರೆ ಅದು ಅವಳ ಮುಖಕ್ಕೇ ಕೆನೆಯಿತು. ಯಾರ ಮಾತನ್ನೂ ಕೇಳದ ಆ ಠೀವಿ ನೋಡಿಯೇ ನನಗೆ ಅನುಮಾನ ಬಂದಿತ್ತು.

ಚಪ್ಪಡಿ ಈ ಸಲ ಕೂತಿತು. ಎಷ್ಟು ಸರಿಯಾಗಿ ಕೂತಿತೆಂದರೆ ಡಬ್ಬಿಗೆ ಮುಚ್ಚಳ ಬಿದ್ದ ಹಾಗೆ ಸದ್ದು ಬಂತು. ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು.

"ಮೊದಲ ಆನಿ ದಾಟಲಿ," ಎಂದಳು ಅವಳು. ದನಿ ಸಣ್ಣದಾಗಿತ್ತು. "ಆನಿ ತಾಳಿದ್ರ ಯಾರನ್ನ ಬೇಕಾದ್ರೂ ತಾಳತೈತಿ."

ನಾನು ಮೊದಲ ಹೆಜ್ಜೆ ಇಟ್ಟೆ. ನನ್ನ ಮಗಳು ಕಟ್ಟಿದ ಕಲ್ಲು ನನ್ನ ಭಾರಕ್ಕೆ ಅಲುಗಲಿಲ್ಲ. ಎರಡನೆಯದು, ಮೂರನೆಯದು. ಕೆಳಗೆ ನೀರು, ಹಿಂದೆ ಊರವರ ಉಸಿರು. ನಡುವಿನ ಚಪ್ಪಡಿಯ ಮೇಲೆ ನಾನು ಕಾಲಿಡುವಷ್ಟರಲ್ಲಿ ಆ ತರಲೆ ಕುದುರೆಮರಿ ನನ್ನ ಹೊಟ್ಟೆಯಡಿಯಿಂದ ನುಸುಳಿ ಟಪಟಪನೆ ಮುಂದೆ ಓಡಿ ಎಲ್ಲರಿಗಿಂತ ಮೊದಲು ಆಚೆ ದಂಡೆ ಮುಟ್ಟಿಬಿಟ್ಟಿತು. ಆಗ ಎದ್ದ ಕೂಗು ಇದೆಯಲ್ಲ, ಹೊರಗೆ ನಿಂತಿದ್ದ ವಿರೂಪಾಕ್ಷನಿಗೂ ಕೇಳಿಸಿದಂತಾಯಿತಂತೆ.

ನಾನೂ ದಾಟಿದೆ. ಆಚೆ ದಂಡೆಯಲ್ಲಿ ಏನೂ ಇರಲಿಲ್ಲ. ಮರವಿಲ್ಲ, ಕಲ್ಲಿಲ್ಲ, ನೆರಳಿಲ್ಲ. ಕಣ್ಣು ಹೋಗುವಷ್ಟು ದೂರ ಬೆಳ್ಳಗೆ ಸುಣ್ಣದ ಬಯಲು. ಕುದುರೆಮರಿ ಅದರ ಮೇಲೆ ಹುಚ್ಚೆದ್ದು ಸುತ್ತುತ್ತಿತ್ತು. ಅದರ ಗೊರಸು ಬಿದ್ದ ಕಡೆಯಲ್ಲೆಲ್ಲ ಒಂದೊಂದು ಚಿಕ್ಕ ಹಸಿರು ಚುಕ್ಕೆ ಮೂಡುತ್ತಿತ್ತು.

ವಿರೂಪಾಕ್ಷ ಒಂದು ಬಕೆಟ್ ನೀರು ಇಟ್ಟುಕೊಂಡು ಸಾಲಾಗಿ ಎಲ್ಲರನ್ನೂ ಎಬ್ಬಿಸಿದ. ಕೊನೆಗೆ ಎದ್ದವಳು ಕಾಶವ್ವಜ್ಜಿ.

"ಯಾರವ ನನ್ನ ಹಣಿಗೆ ನೀರು ಹಾಕಿದಾವ?"

"ನಾನಜ್ಜಿ."

"ನಿನ್ನ ಕೈಗೆ ಬ್ಯಾರೆ ಕೆಲಸ ಇಲ್ಲೇನು?" ಎಂದು ಏಳಲು ಹೋಗಿ ಮೊಣಕಾಲು ಹಿಡಿದುಕೊಂಡಳು. ಆದರೆ ಮುಖದ ಮೇಲಿನ ನಗು ಇಳಿಯಲಿಲ್ಲ. ನಾನು ಕೈ ಕೊಟ್ಟು ಎಬ್ಬಿಸಿದೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ, ನಮ್ಮೂರ ಕಟ್ಟಳೆ ಅದು. ಎಲ್ಲರೂ ನಕ್ಕದ್ದೇ ನಕ್ಕದ್ದು, ಹೋಳಿಗೆ ತಿಂದದ್ದೇ ತಿಂದದ್ದು. "ಆ ಆನಿ ಯಾರಿರಬೇಕಂತೀ?" ಎಂದು ನಮ್ಮ ಮನೆಯವರು ಬೆನ್ನು ತಿಕ್ಕಿಕೊಳ್ಳುತ್ತ ನನ್ನನ್ನೇ ಕೇಳಿದರು. "ಯಾರೋ ಛಲೋ ಮನಿತನದವರಿರಬೇಕು," ಎಂದು ತುಪ್ಪ ಹಾಕಿದೆ.

ಊಟದ ಗದ್ದಲ ಇಳಿದ ಮೇಲೆ ನಾನು ಕಸ್ತೂರಿಯನ್ನು ಪಕ್ಕಕ್ಕೆ ಕರೆದೆ. "ಮುಗೀತಲ್ಲವ್ವಾ. ಇನ್ನು ಉದರಂಗಿಲ್ಲ. ಈಗ ಹೂಂ ಅಂತೀಯೇನು?"

ಅವಳು ಬಾಗಿಲಾಚೆ ಗೋಡೆಯ ಕಡೆ ನೋಡುತ್ತಿದ್ದಳು. ಅವಳ ಕಣ್ಣು ಸೇತುವೆಯ ಮೇಲಿರಲಿಲ್ಲ. ಅದನ್ನು ದಾಟಿ ಆಚೆ ದಂಡೆಯ ಬಿಳಿ ಬಯಲಿಗೆ ಹೋಗಿತ್ತು. ಆಗ ನನಗೆ ನನ್ನ ಅಂದಾಜು ತಪ್ಪಿದ ಜಾಗ ಸಿಕ್ಕಿತು. ಸೇತುವೆಯೇ ಕೆಲಸ ಎಂದುಕೊಂಡಿದ್ದೆ ನಾನು. ಸೇತುವೆ ಎಂದರೆ ದಾರಿ. ದಾರಿ ತೆರೆದ ಮೇಲೆ ಯಾರಾದರೂ ಈಚೆಗೇ ಕೂರುತ್ತಾರೆಯೇ? ಅವಳನ್ನು ಬೈಯಲು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ಯಾಕೆಂದರೆ ಹೋಳಿಗೆ ಬಡಿಸುವಾಗಿನಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ. ಆ ಬಯಲಿನಲ್ಲಿ ಬಾವಿ ಎಲ್ಲಿ ತೋಡಬೇಕು? ದಂಡೆಗೆ ಹತ್ತಿರ ತೋಡಿದರೆ ನೀರು ಬೇಗ ಸಿಗುತ್ತದೆ.

"ಅವ್ವಾ," ಎಂದಳು ಕಸ್ತೂರಿ. ಕಣ್ಣು ತುಂಬಿತ್ತು. "ಹುಡುಗನೂ ಬೇಕು. ಇದೂ ಬೇಕು. ಏನ ಮಾಡ್ಲಿ?"

ಅದನ್ನು ವಿರೂಪಾಕ್ಷ ಕೇಳಿಸಿಕೊಂಡ. ಎಲೆ ಮಡಚಿ ಎದ್ದು ಬಂದ. "ಪಂಚರ್ ಎಲ್ಲಾ ಊರಾಗೂ ಆಗತಾವು," ಎಂದ. "ಈ ಊರಿನ ರಸ್ತಾ ನೋಡಿದ್ರ ಇಲ್ಲೇ ಜಾಸ್ತಿ ಆಗತಾವು. ನನಗೇನು, ಒಂದು ಪಂಪು, ಒಂದು ನೀರಿನ ಬೋಗುಣಿ ಇಟ್ಕೊಂಡ್ರ ಅಂಗಡಿ. ಆದ್ರ ನಮ್ಮಜ್ಜಿ..."

ಮಾಸ್ತರರು ಹೋಳಿಗೆಯ ತುತ್ತನ್ನು ಬಾಯಿಯ ಹತ್ತಿರವೇ ಹಿಡಿದರು. ಎಲ್ಲರೂ ಕುರ್ಚಿಯಲ್ಲಿ ಕೂತಿದ್ದ ಕಾಶವ್ವಜ್ಜಿಯ ಕಡೆ ತಿರುಗಿದೆವು. ಹುಟ್ಟಿದೂರು ಬಿಟ್ಟು, ಮನೆ ಬಿಟ್ಟು, ಮೊಮ್ಮಗನ ಹಿಂದೆ ಹೆಣ್ಣಿನ ಊರಿಗೆ ಬಂದು ಇರುವುದೆಂದರೆ ಆ ವಯಸ್ಸಿನಲ್ಲಿ ಸಣ್ಣ ಮಾತೇ? ಅದೂ ಕುರ್ಚಿಯನ್ನೂ ಬೈದವಳು. ಕಸ್ತೂರಿ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

ಅಜ್ಜಿ ಬೆರಳುಗಳ ತುಪ್ಪವನ್ನು ನಿಧಾನವಾಗಿ ನೆಕ್ಕಿದಳು. ಮೊಣಕಾಲನ್ನು ಒಮ್ಮೆ ಸವರಿಕೊಂಡಳು. ಆಮೇಲೆ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿ, ಇಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ, ಎಲ್ಲರಿಗೂ ಸೇರಿಸಿ ಕೇಳಿದಳು.

"ನಾಳಿಗೆ ಎಷ್ಟೊತ್ತಿಗೆ ಶುರು ಮಾಡ್ತೀರಿ?"